ಎದುರುಮನೆಯ ಬಾಲಚುಕ್ಕಿ

ಮನೆಯೊಳಗೆ ಒಬ್ಬ ಗೂಢಚಾರ ಸೇರಿಕೊಂಡಿದ್ದಾನೆ ಎಂಬುದರಲ್ಲಿ ಅನೌನ್ಸರ್ ಸಾಹೇಬರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅದು ಹೆಂಡತಿಯೋ, ಅತ್ತೆಯೋ, ಭಾವಮೈದುನನೋ ಎಂಬುದಷ್ಟೇ ಇತ್ಯರ್ಥವಾಗಬೇಕಿತ್ತು.

ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಸಾರುವುದು ಅವರ ಉದ್ಯೋಗ. ಆದರೆ ಕ್ರಿಸ್‌ಮಸ್ ಹತ್ತಿರವಾದರೆ ಅವರ ಜೀವವೆಲ್ಲ ಮನೆಯ ದೀಪಾಲಂಕಾರದಲ್ಲಿ. ಈ ವರ್ಷ ಅವರು ಸೂರಿಗೆ ನೀಲಿ ಸರ ಎಂದು ಮನೆಯಲ್ಲಿ ಹೇಳಿದ ಮರುದಿನವೇ ಎದುರುಮನೆಯ ಹಲ್ಲಿನ ಡಾಕ್ಟರ ಸೂರಿನಲ್ಲಿ ನೀಲಿ ಸರ ಮಿನುಗಿತು. ಇವರು ತಾರಸಿಗೆ ಒಂದು ಜಿಂಕೆ ಎಂದರೆ ಅಲ್ಲಿ ಜೋಡಿ ಜಿಂಕೆ! ಜನ ಮಕ್ಕಳುಮರಿ ಸಮೇತ ಕಾರು, ಬೈಕಿನಲ್ಲಿ ಬಂದು ಎದುರುಮನೆಯನ್ನೇ ಬಾಯಿಬಿಟ್ಟು ನೋಡುತ್ತಿದ್ದರು. (ಒಬ್ಬ ಮಹಾನುಭಾವನಂತೂ ಫೋಟೋ ಚೆನ್ನಾಗಿ ಬರುತ್ತಿಲ್ಲವೆಂದು ಇವರ ದೀಪ ಆರಿಸಲು ವಿನಂತಿಸಿದ್ದ.) ಒಬ್ಬನಾದರೂ ಇತ್ತ ತಿರುಗಿ 'ಭಲೇ' ಎನ್ನಬೇಕು, ಇಷ್ಟೇ ಅವರ ಆಸೆ. ಹೊಟ್ಟೆ ಉರಿಯದೆ ಏನಾಗುತ್ತದೆ?

"ನಿನ್ನೆ ಡಾಕ್ಟರ ಮನೆಗೆ ಯಾಕೆ ಹೋಗಿದ್ದೆ?" ಎಂದು ಹೆಂಡತಿಯನ್ನು ತಡೆದು ಕೇಳಿದರು.

"ಹಲ್ಲುನೋವಿಗೆ ರೀ."

"ಯಾವ ಹಲ್ಲು? ಬಾಯಿ ಬಿಡು, ನೋಡ್ತೀನಿ."

"ಬಾಯಿ ಬಿಡಿಸೋಕೆ ನೀವೇನು ಪೊಲೀಸಾ?"

ಉತ್ತರದಲ್ಲಿ ಏನೋ ಮಸಲತ್ತಿದೆ ಎನ್ನಿಸಿತು. ಸರಿ, ಬಲೆ ಬೀಸಿದರು. ಹೆಂಡತಿಯನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಚ್ಚಿ, ಕಿವಿಯ ಹತ್ತಿರ, "ಈ ಸಲ ಬಾಲಚುಕ್ಕಿ. ಯಾರಿಗೂ ಹೇಳ್ಬೇಡ" ಎಂದು ಪಿಸುಗುಟ್ಟಿದರು. ಅವಳು ಕಿವಿ ಮುಚ್ಚಿಕೊಂಡು ಏನೋ ಹೇಳಹೊರಟಳು. ಇವರು ಪಿಸುಗುಟ್ಟುತ್ತಲೇ ಹೊರಬಿದ್ದಾಗಿತ್ತು. ಅತ್ತೆಗೆ ಅದೇ ರೀತಿ "ದೊಡ್ಡ ಗಂಟೆ" ಎಂದರು, ಭಾವಮೈದುನನಿಗೆ "ಹಿಮದ ಬೊಂಬೆ" ಎಂದರು.

ಮರುದಿನ ಸಂಜೆ ಎದುರುಮನೆಯ ಮೇಲೆ ಬಾಲಚುಕ್ಕಿ, ಗಂಟೆ, ಹಿಮದ ಬೊಂಬೆ, ಮೂರೂ ಝಗಝಗ!

ಅಂದರೆ ಮೂವರೂ ದ್ರೋಹಿಗಳು! ಉಂಡ ಮನೆಯಲ್ಲೇ ಸಂಚು! ಇನ್ನು ನಂಬುವುದು ಯಾರನ್ನು? ಬೆಳಗ್ಗೆ ಬಚ್ಚಲುಮನೆಯ ಕನ್ನಡಿಯೊಂದಕ್ಕೇ ತಮ್ಮ ಬ್ರಹ್ಮಾಸ್ತ್ರವನ್ನು ಅರುಹಿದರು: "ಇವತ್ತು ಜನ ಸೇರಿದ ಹೊತ್ತಿಗೆ ಆ ಡಾಕ್ಟರ ಮನೆ ಹಿಂದಿನ ಪ್ಲಗ್ಗೇ ಕಿತ್ತುಬಿಡ್ತೀನಿ!"

ಸಂಜೆ ಬೇಲಿ ನುಸುಳಿ, ಮೊಣಕಾಲಿನ ಮೇಲೆ ತೆವಳಿ ಪ್ಲಗ್ಗಿನ ಬಳಿ ತಲುಪಿ ತಲೆಯೆತ್ತಿದರೆ, ಕುರ್ಚಿ ಹಾಕಿಕೊಂಡು ಅರ್ಧ ಬೀದಿಯೇ ಕೂತಿದೆ. ಹೆಂಡತಿಗೆ ಮುಂದಿನ ಸಾಲು.

"ಬನ್ನಿ ಸಾರ್, ಬೆಳಗ್ಗೆಯಿಂದ ಕಾಯ್ತಿದ್ದೀವಿ," ಎಂದರು ಡಾಕ್ಟರು.

"ನಿಮಗೆ ಯಾರು ಹೇಳಿದ್ದು?"

"ನೀವೇ! ದಿನಾ ಒಂದೊಂದು ಐಡಿಯಾ ಕೂಗಿ ಹೇಳ್ತಿದ್ರಲ್ಲ. ಎಂಥ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ. ಇವತ್ತಿನದು ಮಾತ್ರ ಯಾಕೋ ಅರ್ಥ ಆಗ್ಲಿಲ್ಲ."

"ಕೂಗಿದ್ನಾ? ಪಿಸುಗುಟ್ಟಿದ್ದು ನಾನು!"

"ರೀ, ಸ್ಟೇಷನ್ನಲ್ಲಿ ಮೈಕು ಕೆಟ್ಟ ದಿನವೂ ಒಬ್ಬರಿಗೂ ಗಾಡಿ ತಪ್ಪಲಿಲ್ಲ ಅಂತ ನೀವೇ ಜಂಬ ಕೊಚ್ಕೊಂಡಿಲ್ವಾ?" ಎಂದಳು ಹೆಂಡತಿ.

"ಮೊದಲೇ ಹೇಳೋಕೇನಾಗಿತ್ತು?"

"ಹೇಳ್ದೆ. ನೀವು ಮಾತಾಡ್ತಿದ್ರಿ, ನನ್ನ ದನಿ ನನಗೇ ಕೇಳಿಸ್ಲಿಲ್ಲ."

ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಬೀದಿಯಲ್ಲಿ ಕಾರುಗಳು ಒಂದಕ್ಕೊಂದು ಅಡ್ಡನಿಂತು ಹಾರ್ನುಗಳ ಗಲಾಟೆ ಶುರುವಾಯಿತು. ನೀವೇ ಏನಾದರೂ ಮಾಡಿ ಎಂಬಂತೆ ಡಾಕ್ಟರು ಸಾಹೇಬರಿಗೆ ಕೈಮುಗಿದರು. ಸಾಹೇಬರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರು ದಯವಿಟ್ಟು ಗಮನಿಸಿ!" ಎಂದರು. ಕಾರುಗಳು ಗಾಬರಿಯಿಂದ ಹಿಂದೆ ಸರಿದವು, ಜನ ಸಾಲುಗಟ್ಟಿದರು. ಯಾರೋ ಒಬ್ಬ 'ಭಲೇ' ಎಂದೂಬಿಟ್ಟ!

ಅಂದಿನಿಂದ ಡಾಕ್ಟರ ಗೇಟಿನಲ್ಲಿ ಅವರಿಗೊಂದು ಸ್ಟೂಲು. ಸ್ವಂತ ಮನೆಯ ದೀಪಗಳಿಗೆ ಪುರುಸೊತ್ತೆಲ್ಲಿ? ಒಂದು ಸಂಜೆ ನೋಡಬಂದ ಅಜ್ಜಿಯೊಬ್ಬಳು, "ಎದುರಿಗಿರೋ ಆ ಕತ್ತಲೆ ಮನೆ ಯಾರದಪ್ಪಾ?" ಎಂದು ಕೇಳಿದಳು.

ಸಾಹೇಬರು ಅತ್ತಿತ್ತ ನೋಡಿ, ಬಗ್ಗಿ, ಆದಷ್ಟೂ ಮೆಲ್ಲಗೆ, "ಯಾರೋ ಜಿಪುಣರದಂತೆ ಅಜ್ಜಿ. ಹೆಂಡತಿಯಂತೂ ಮಹಾ ಬಜಾರಿಯಂತೆ" ಎಂದರು.

ಕತ್ತಲೆ ಮನೆಯ ಬಾಗಿಲು ದಢಾರನೆ ತೆರೆಯಿತು.