ಭಾವನ ಆಸ್ಪತ್ರೆ ತೀರ್ಥ

ಮದರಾಸಿನಲ್ಲಿ ಪಾನನಿಷೇಧ ಬಿಗಿಯಾಗಿದ್ದ ಕಾಲದಲ್ಲಿ, ಬೆಳಗ್ಗೆ ಒಂಬತ್ತು ಗಂಟೆಗೆ ಡಾಕ್ಟರ ಕೈಯಿಂದಲೇ ಬ್ರಾಂದಿ ಹಾಕಿಸಿಕೊಂಡ ಮಹಾನುಭಾವರು ಯಾರಾದರೂ ಇದ್ದರೆ ಅದು ನಮ್ಮ ಭಾವನೇ ಸರಿ! ಅದೂ ಒಬ್ಬ ನರ್ಸಮ್ಮ ನಾಡಿ ಹಿಡಿದು, ಇನ್ನೊಬ್ಬಳು ಗಡಿಯಾರ ಹಿಡಿದು ನಿಂತಿರುವಾಗ. ಇಂಥ ಮರ್ಯಾದೆ ಯಾವ ಜಮೀನ್ದಾರನಿಗೆ ಸಿಕ್ಕಿತ್ತು, ಹೇಳಿ?

ಭಾವ ಅಂದರೆ ನಮ್ಮಕ್ಕನ ಗಂಡ. ಮೈಲಾಪುರದ ಒಂದು ಮರಗೆಲಸದ ಅಂಗಡಿಯಲ್ಲಿ ನಾನು ಬಡಗಿ, ಅವರು ಪಾಲಿಶಿನವರು. ನಾನು ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಆದರೆ ನಾನು ಕೂಡಿಸಿದ ಬೀರುವಿನ ಸಂದಿಯಲ್ಲಿ ಒಂದು ಪೋಸ್ಟ್ ಕಾರ್ಡು ತೂರಿಸಿ ನೋಡೋಣ! ಆ ಬೀರುವಿಗೆ ಭಾವ ಪಾಲಿಶ್ ಕೊಟ್ಟರೆ, ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಕಷ್ಟವೆಂದರೆ ಪಾಲಿಶಿನಲ್ಲಿ ಸ್ಪಿರಿಟ್ ಇರುತ್ತದೆ. ಬೀರುವಿಗೆ ಒಂದು ಕೋಟು ಹೊಡೆದರೆ ತಮಗೂ ಒಂದು ಕೋಟು ಹೊಡೆದುಕೊಳ್ಳುತ್ತಿದ್ದರು. ನಾನು ಗದರಿದರೆ, "ಒಳಗೂ ಸ್ವಲ್ಪ ಹೊಳಪು ಬೇಡ್ವೇನಯ್ಯ?" ಎನ್ನುವರು. ಹೊಳಪೇನೂ ಬರಲಿಲ್ಲ, ಕೈ ನಡುಗತೊಡಗಿತು, ಕಣ್ಣು ಮಂಜಾಯಿತು. ಅಕ್ಕ ಅಳುವುದನ್ನೂ ಬಿಟ್ಟುಬಿಟ್ಟಳು. ಅದಕ್ಕೇ ನನಗೆ ಹೆದರಿಕೆಯಾದದ್ದು.

ಆಗ ಮದರಾಸಿನ ದೊಡ್ಡಾಸ್ಪತ್ರೆಗೆ ಕುಡಿತ ಬಿಡಿಸುವ ಹೊಸ ಗುಳಿಗೆ ಬಂತು. ಅದನ್ನು ನುಂಗಿದವನು ಕುಡಿದರೆ ಮುಖ ಉರಿದು, ಎದೆ ಬಡಿದು, ಕುಡಿತವೇ ಬೇಡವೆನಿಸುತ್ತದಂತೆ. ಆದರೆ ಅದು ಎಷ್ಟು ಕ್ಷೇಮ, ಯಾರ ಎದೆ ತಡೆದೀತು ಎಂದು ನೋಡಬೇಕಿತ್ತು. ಅದಕ್ಕೆ ಒಂದು ವಾರ ಗುಳಿಗೆ ಕೊಟ್ಟು, ಕೊನೆಗೆ ಡಾಕ್ಟರ ಎದುರಿನಲ್ಲೇ ಅಳೆದು ಬ್ರಾಂದಿ ಕೊಡುವ ಪರೀಕ್ಷೆ. ನಾವು ಭಾವನನ್ನು ಅಲ್ಲಿಗೆ ಸೇರಿಸಿದಾಗ ಡಾಕ್ಟರು ಎಲ್ಲ ವಿವರಿಸಿ ಒಪ್ಪಿಗೆ ಕೇಳಿದರು. ಭಾವ ಎದೆಯುಬ್ಬಿಸಿ ಸಹಿ ಹಾಕಿದರು. ಆ ವಾರವಿಡೀ, ಗುಳಿಗೆಯನ್ನು ಪರೀಕ್ಷೆ ಮಾಡುತ್ತಿರುವುದು ತಾವೇ ಎಂದೂ, ತಾವು ಪಾಸು ಮಾಡಿದರೆ ಮಾತ್ರ ಅದು ಊರಿನ ಅಂಗಡಿಗೆ ಬರುವುದೆಂದೂ ಪಕ್ಕದ ಮಂಚಗಳಿಗೆಲ್ಲ ಹೇಳಿಕೊಂಡು ತಿರುಗಿದರು.

ಪರೀಕ್ಷೆಯ ದಿನ ಡಾಕ್ಟರು ಔನ್ಸ್ ಗ್ಲಾಸು ಚಾಚಿದರು. ಭಾವ ಏನು ಮಾಡಿದರು ಗೊತ್ತೇ? ಬಲಗೈ ಬಟ್ಟಲು ಮಾಡಿ ಒಡ್ಡಿದರು! ಡಾಕ್ಟರು ತಬ್ಬಿಬ್ಬಾಗಿ ಸುರಿದರು. ಭಾವ ಕಣ್ಣು ಮುಚ್ಚಿ ಒಂದು ಗುಟುಕು ಹೀರಿ, ಉಳಿದದ್ದನ್ನು ತಲೆಗೆ ಸವರಿಕೊಂಡುಬಿಟ್ಟರು. ಅಳೆದು ತಂದ ಬ್ರಾಂದಿಯಲ್ಲಿ ಮುಕ್ಕಾಲು ಪಾಲು ಕೂದಲಿಗೆ!

"ಎನ್ನಯ್ಯಾ ಇದು, ಕುಡಿಕ್ಕ ಸೊನ್ನಾ ತಲೈಲ ತಡವಿಕ್ಕಿರೇ?" ಎಂದರು ಡಾಕ್ಟರು ತಮ್ಮ ತಮಿಳಿನಲ್ಲಿ. ಕುಡಿ ಎಂದರೆ ತಲೆಗೆ ಸವರಿಕೊಳ್ಳುವುದೇ?

"ಪಳಕ್ಕಂ, ಡಾಕ್ಟರ್," ಎಂದರು ಭಾವ. ಅಭ್ಯಾಸವಂತೆ! ದೊಡ್ಡವರು ಕೈಯಾರೆ ಕೊಟ್ಟದ್ದನ್ನು ಇನ್ನು ಹೇಗೆ ತೆಗೆದುಕೊಳ್ಳುವುದು? ಇದನ್ನು ರಿಪೋರ್ಟಿನಲ್ಲಿ ಏನೆಂದು ಬರೆಯುವುದೋ ತಿಳಿಯದೆ ಡಾಕ್ಟರು ಪೆನ್ನು ಕಚ್ಚಿದರು.

ಮರುದಿನ ಗ್ಲಾಸಿನಲ್ಲೇ ಕುಡಿಸಿದರು. ಹತ್ತು ನಿಮಿಷಕ್ಕೆ ಭಾವನ ಮುಖ ಹಣ್ಣು ಮೆಣಸಿನಕಾಯಿಯಾಯಿತು. ನಾನು ನಗುತ್ತಲೇ ಇದ್ದೆ. ಆಮೇಲೆ ಕೆಂಪೆಲ್ಲ ಇಳಿದು ಬಿಳಿಚಿಕೊಂಡರು. ನಾಡಿ ಹಿಡಿದಿದ್ದ ನರ್ಸಮ್ಮ ಡಾಕ್ಟರ ಮುಖ ನೋಡಿದಳು. ನಮ್ಮನ್ನು ಹೊರಗೆ ಕಳಿಸಿದರು. ಅಕ್ಕ ನನ್ನ ಅಂಗಿಯ ತೋಳು ಹಿಡಿದು ನಿಂತವಳು, ಹೊಲಿಗೆ ಬಿಟ್ಟುಹೋಗುವ ತನಕ ಬಿಡಲಿಲ್ಲ.

ಸಂಜೆಗೆ ಚೇತರಿಸಿಕೊಂಡರು. ಅವರ ಎದೆ ಈ ಗುಳಿಗೆಯನ್ನು ತಡೆಯುವುದಿಲ್ಲ, ಇನ್ನು ಕೊಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಭಾವ ಡಾಕ್ಟರನ್ನು ಕಾಡಿ ಬೇಡಿ, ನೋಡಲು ಹಾಗೇ ಇರುವ ಕ್ಯಾಲ್ಸಿಯಂ ಗುಳಿಗೆ ಬರೆಸಿಕೊಂಡು ನನ್ನನ್ನು ವರಾಂಡಕ್ಕೆ ಕರೆದರು.

"ನಿಮ್ಮಕ್ಕನಿಗೆ ಹೇಳಬೇಡ ಕಣಯ್ಯ. ಗುಳಿಗೆ ಇದೆ ಅಂತ ಅವಳು ಧೈರ್ಯವಾಗಿರಲಿ."

ಪಾಲಿಶ್ ಕೆಲಸ ಬಿಟ್ಟು ನನ್ನ ಪಕ್ಕದಲ್ಲಿ ಮರಕ್ಕೆ ಉಪ್ಪುಕಾಗದ ಉಜ್ಜುತ್ತ ಕುಳಿತರು. ದಿನಾ ಬೆಳಗ್ಗೆ ಅಕ್ಕನ ಎದುರಿನಲ್ಲೇ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸುವರು. ವರ್ಷವಾಯಿತು, ಒಂದು ತೊಟ್ಟು ಮುಟ್ಟಲಿಲ್ಲ. ನನಗೇ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ಒಂದು ದಿನ ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಗೊತ್ತು ಕಣೋ. ಡಾಕ್ಟರು ಅವತ್ತೇ ಹೇಳಿದ್ರು. ನಾನು ನಂಬಿದೀನಿ ಅಂತ್ಲೇ ಅವರು ನಿಂತಿದಾರೆ. ನೀನು ಬಾಯಿ ಬಿಡಬೇಡ."

ಒಂದು ಕಲ್ಲು ಹೆಕ್ಕಿ ಎಸೆದು, ಮೊರದಿಂದ ತಲೆಯೆತ್ತಿ, "ಗುಳಿಗೆ ಸೀಸೆ ಮುಗೀತಾ ಬಂತು. ನಾಳೆ ಬರ್ತಾ ಇನ್ನೊಂದು ತಂದುಬಿಡು," ಎಂದಳು.