ಇರುಳು ಕನ್ನಡಕವನ್ನು ಒಪ್ಪಿಸಿ, ಕೈ ಕೋರಿ

ದಿನಾಂಕ: 18-11-2025

ಇಂದ,
ಅಮರಗುಂಡಪ್ಪ, ವಯಸ್ಸು 51,
ಉದ್ಯೋಗ: ಟಿ.ವಿ. ರಿಪೇರಿ, ಸಿಂಧನೂರು.
ವಾಸ: ಮಸ್ಕಿ. ಸದ್ಯಕ್ಕೆ ಮನೆಯಲ್ಲಿ ಇದ್ದೂ ಇಲ್ಲದವನು.

ಗೆ,
ಶ್ರೀಮತಿ ಶೇಖರಮ್ಮನವರು,
ಗುಮಾಸ್ತರು, ಟಪಾಲು ಶಾಖೆ, ತಾಲೂಕು ಕಚೇರಿ, ಲಿಂಗಸುಗೂರು.
(ಅರ್ಜಿದಾರನ ಹೆಂಡತಿಯೂ ಇವರೇ.)

ವಿಷಯ: ಸ್ವಂತ ತಯಾರಿಕೆಯ ಇರುಳು ಕನ್ನಡಕವನ್ನು ತಮ್ಮ ವಶಕ್ಕೆ ಒಪ್ಪಿಸಿ, ನಿಂತುಹೋದ ಮಾತನ್ನೂ ಹಿಂತೆಗೆದುಕೊಂಡ ಕೈಯನ್ನೂ ಮರುಮಂಜೂರು ಮಾಡಲು ಕೋರಿ.

ಉಲ್ಲೇಖ: ದಿನಾಂಕ 07-11-2025ರ ಶುಕ್ರವಾರ ಸಂಜೆ ಮಸ್ಕಿ ಬಸ್ ನಿಲ್ದಾಣದಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: "ಏನರ ಹೇಳೂದಿದ್ರ ಕಚೇರಿಗೆ ಬಂದು ಬರದು ಕೊಡ್ರಿ."

ಮಾನ್ಯರೇ,

ಸದರಿ ಆದೇಶದಂತೆ ಅರ್ಜಿದಾರನು ಬರೆದುಕೊಡಲು ಬಂದಿದ್ದಾನೆ. ಅವನ ಕನ್ನಡ ವೈರು, ಬಲ್ಬುಗಳ ಆಚೆ ಹೋಗದ ಕಾರಣ, ತಮ್ಮ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿರುವ ಅಮೀನ್‌ಸಾಬನೆಂಬ ನಾನು ಅವನ ಪರವಾಗಿ ಬರೆದಿರುತ್ತೇನೆ. ಅವನು ನುಂಗಿಕೊಂಡ ಮಾತುಗಳನ್ನೂ ಕೆಲವು ಕಡೆ ಸೇರಿಸಿದ್ದೇನೆ. ಬಂದ ಕಾಗದ ಯಾರದೇ ಇರಲಿ, ಮುಖ ನೋಡದೆ ಸ್ವೀಕರಿಸಿ ಮುದ್ರೆ ಒತ್ತಬೇಕೆಂಬುದು ಟಪಾಲು ಶಾಖೆಯ ನಿಯಮವಾದ್ದರಿಂದ, ಇದನ್ನಾದರೂ ತಾವು ತೆಗೆದುಕೊಳ್ಳುವಿರೆಂಬುದು ಅರ್ಜಿದಾರನ ಧೈರ್ಯ.

1. ಅರ್ಜಿದಾರನಿಗೆ ಹತ್ತು ವರ್ಷದಿಂದ ಇರುಳುಗುರುಡು. ಹಗಲಿನಲ್ಲಿ ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವವನು ದೀಪ ಹಚ್ಚುವ ಹೊತ್ತಿಗೆ ಎಮ್ಮೆ ಯಾವುದು, ಗೋಡೆ ಯಾವುದು ಎಂದು ಮುಟ್ಟಿ ನೋಡಬೇಕು. ಆ ಕಾರಣ ತಾವು ಲಿಂಗಸುಗೂರಿನಿಂದ ಆರೂವರೆಗೆ ಬಂದಿಳಿದು, ಸಿಂಧನೂರಿನಿಂದ ಅವನು ಬರುವ ಏಳೂಕಾಲರ ಬಸ್ಸಿಗೆ ನಿಲ್ದಾಣದಲ್ಲೇ ಕಾದು, ಕೈ ಹಿಡಿದು ಮನೆ ಮುಟ್ಟಿಸುತ್ತಿದ್ದಿರಿ. ಇದು ಮಸ್ಕಿಗೆಲ್ಲ ಗೊತ್ತು.

2. ಗೊತ್ತಿದ್ದದ್ದೇ ತೊಂದರೆಯಾಯಿತು. ಎದುರು ಮನೆಯ ವಿರೂಪಾಕ್ಷಪ್ಪನವರು ಒಂದು ದಿನ ಕಟ್ಟೆಯ ಮೇಲಿಂದ, "ಏನೋ ಅಮರಗುಂಡಪ್ಪ, ಮದಿವಿ ಆಗಿ ಇಪ್ಪತ್ನಾಕ ವರ್ಷ ಆದ್ರೂ ಕೈ ಬಿಡವಲ್ಲಿ ಅಲಾ" ಎಂದರು. ಕಟ್ಟೆಯ ಮಂದಿ ನಕ್ಕರು. ತಾವೂ ನಕ್ಕಿರಿ. ಅರ್ಜಿದಾರನು ಮಾತ್ರ ಅಂದು ರೊಟ್ಟಿ ಸರಿಯಾಗಿ ತಿನ್ನಲಿಲ್ಲ.

3. ಆದ್ದರಿಂದ ಯೂಟ್ಯೂಬಿನಲ್ಲಿ ಪರಿಶೀಲಿಸಲಾಗಿ, ಕತ್ತಲೆಯಲ್ಲಿ ಕಾಣುವ ಮಿಲಿಟರಿ ಕನ್ನಡಕಕ್ಕೆ ಹೊಲ ಮಾರಬೇಕಾಗುತ್ತದೆಂದು ತಿಳಿಯಿತು. ಅರ್ಜಿದಾರನಿಗೆ ಹೊಲವಿಲ್ಲ. ಗುಜರಿಯಿಂದ ಒಂದು ಹಳೇ ಜೀಪಿನ ರಿವರ್ಸ್ ಕ್ಯಾಮೆರಾ, ಅದರದೇ ಅಂಗೈಯಗಲದ ಪರದೆ, ಸತ್ತ ಸಿಸಿಟಿವಿಯ ದೀಪಗಳು ಮತ್ತು ಒಂದು ವೆಲ್ಡಿಂಗ್ ಕನ್ನಡಕವನ್ನು ಸಂಪಾದಿಸಿ ಒಂದಕ್ಕೊಂದು ಜೋಡಿಸಲಾಯಿತು. ಸದರಿ ದೀಪಗಳ ಬೆಳಕು ಟಿ.ವಿ. ರಿಮೋಟಿನ ಜಾತಿಯದು. ಮನುಷ್ಯರ ಕಣ್ಣಿಗೆ ಮಿಣುಕು ಕೆಂಪು ಚುಕ್ಕಿಯಷ್ಟೇ, ಕ್ಯಾಮೆರಾಕ್ಕೆ ಹಗಲಿನಂತೆ ಕಾಣುತ್ತದೆ. ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಲಾಯಿತು.

4. ಆದರೆ ಬೀದಿದೀಪ ಬಂದ ಕಡೆ ಪರದೆ ಬೆಳ್ಳಗಾಗಿ ಕಣ್ಣಿಗೆ ರಾಚತೊಡಗಿತು. ಬೀದಿದೀಪದ ಬೆಳಕನ್ನು ತಡೆದು ರಿಮೋಟಿನ ಬೆಳಕನ್ನಷ್ಟೇ ಬಿಡುವಂಥ ಕರೀ ಹಾಳೆ ಬೇಕಾಯಿತು. ಮೊದಲು ತುರ್ವಿಹಾಳದಲ್ಲಿರುವ ತಮ್ಮ ತಾಯಿಯವರ ಮೊಣಕಾಲಿನ ಎಕ್ಸ್‌ರೇ ಕತ್ತರಿಸಲಾಯಿತು. ಅತ್ತೆಯವರ ಮೊಣಕಾಲು ಎರಡೂ ಬೆಳಕನ್ನು ತಡೆಯಿತು. ಕಲರ್ ಫೋಟೋ ನೆಗೆಟಿವ್‌ನ ಕಪ್ಪು ತುಂಡೇ ಬೇಕೆಂದು ಆಮೇಲೆ ತಿಳಿಯಿತು.

5. ಇಲ್ಲಿ ನಾನು ಚಹಾ ತರಿಸಿದ ಮೇಲೆ ಅರ್ಜಿದಾರನು ಹೇಳಿದ್ದು: ತಮ್ಮ ಮದುವೆಯಲ್ಲಿ ಫೋಟೋಗ್ರಾಫರ್ ಶೇಕ್ಷಾವಲಿಯವರು ರೀಲು ಮುಗಿಯಿತೆಂದು ತಿಳಿದು ಕ್ಯಾಮೆರಾದ ಬೆನ್ನು ತೆರೆದುಬಿಟ್ಟರು. ತಾಳಿ ಕಟ್ಟಿದ ಗಳಿಗೆಯ ಫೋಟೋಗಳಿಗೆ ಬಿಸಿಲು ಹೊಡೆದು ನೆಗೆಟಿವ್ ಕಪ್ಪಾಯಿತು. "ಫೋಟೋ ಒಳಗ ಅದಾವ ತಂಗೆವ್ವ, ಬೆಳಕು ಜಾಸ್ತಿ ಆಗೈತಿ ಅಷ್ಟ. ಹೈದರಾಬಾದಿನಾಗ ತೆಗಿಯೋರು ಅದಾರ" ಎಂದು ಅವರು ಹೇಳಿದ್ದನ್ನು ನಂಬಿ, ತಾವು ಆ ಪಟ್ಟಿಯನ್ನು ಇಪ್ಪತ್ನಾಲ್ಕು ವರ್ಷದಿಂದ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಿರಿ. ಅದನ್ನು ಎರಡು ದುಂಡು ಬಿಲ್ಲೆಯಾಗಿ ಕತ್ತರಿಸಿ ಕ್ಯಾಮೆರಾಕ್ಕೆ ಒಂದರ ಮೇಲೊಂದು ಅಂಟಿಸಲಾಯಿತು. ಕನ್ನಡಕ ಅದ್ಭುತವಾಗಿ ಕೆಲಸ ಮಾಡಿತೆಂದು ಹೇಳಲು ಅರ್ಜಿದಾರನಿಗೆ ನಾಚಿಕೆಯಾಗುತ್ತದೆ.

6. ಘಟನೆಯ ದಿನ ಅವನು ತಮಗೆ ಆಶ್ಚರ್ಯ ಉಂಟುಮಾಡಲೆಂದು ಮುಂಚಿನ ಬಸ್ಸಿಗೇ ಬಂದಿಳಿದು, ಕನ್ನಡಕ ಧರಿಸಿ, ನಿಲ್ದಾಣದ ಕಂಬದ ಹಿಂದೆ ಕತ್ತಲಲ್ಲಿ ನಿಂತನು. ಏಳೂಕಾಲರ ಬಸ್ಸು ಬಂತು. ಅವನಿಳಿಯಲಿಲ್ಲ. ತಾವು ಒಂದೊಂದೇ ಕಿಟಕಿ ನೋಡಿದಿರಿ. ಮುಂದಿನ ಬಸ್ಸೂ ಬಂತು. "ನಮ್ಮನಿಯವ್ರು ಹತ್ತಿದ್ದು ನೋಡೀರೇನ್ರಿ? ಎತ್ತರಕ್ಕದಾರ. ಕತ್ತಲಾದ್ರ ಅವ್ರಿಗೆ ಕಣ್ಣು ಕಾಣಂಗಿಲ್ರಿ" ಎಂದು ಕಂಡಕ್ಟರನ್ನು ಕೇಳಿದಿರಿ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಿರಿ. ಹತ್ತು ಹೆಜ್ಜೆ ದೂರದಲ್ಲಿ ನಿಂತ ಅರ್ಜಿದಾರನು ಚಿತ್ರ ಸ್ಪಷ್ಟವಾಗಿದೆ ಎಂದು ಮನಸ್ಸಿನಲ್ಲೇ ದಾಖಲಿಸಿಕೊಂಡನು.

7. ಬಳಿಕ ಅವನು ಮುಂದೆ ಬಂದನು. ಕತ್ತಲೊಳಗಿಂದ ಕೆಂಪಗೆ ಮಿಣಮಿಣ ಎನ್ನುವ ಮುಖವೊಂದು ಬಂದದ್ದರಿಂದ ತಾವು ಬುತ್ತಿ ಡಬ್ಬಿ ಬೀಸಿದ್ದು ನ್ಯಾಯವೇ. ರಿವರ್ಸ್ ಕ್ಯಾಮೆರಾ ಎಡವನ್ನು ಬಲ, ಬಲವನ್ನು ಎಡ ತೋರಿಸುತ್ತದೆಂಬುದು ಅವನಿಗೆ ಆಗ ಹೊಳೆಯಲಿಲ್ಲ. ಡಬ್ಬಿ ಬಲದಿಂದ ಬರುವಂತೆ ಕಂಡು ಎಡಕ್ಕೆ ಬಾಗಿದನು. ಡಬ್ಬಿ ಎಡದಿಂದಲೇ ಬಂದಿತ್ತು. ಗುರುತು ಸಿಕ್ಕ ಮೇಲೆ ತಾವು ಕೇಳಿದ್ದು: "ಇಷ್ಟೊತ್ತು ನೋಡಿಕೋತ ನಿಂತಿದ್ರಿ?" ಅವನು ಹೌದೆಂದನು. "ಕಣ್ಣು ಬಂದ್ವಲ್ಲ ನಿಮಗ. ಇನ್ನ ನನ್ನ ಕೈ ಯಾಕ ಬೇಕು?" ಎಂದು ಉಲ್ಲೇಖಿತ ಆದೇಶ ಹೊರಡಿಸಿ ಹೊರಟುಹೋದಿರಿ. ಆ ರಾತ್ರಿ ಟ್ರಂಕು ತೆರೆದು ಸೀರೆಯ ಮಡಿಕೆ ಬಿಚ್ಚಿ ನೋಡಿದಿರಿ, ಪಟ್ಟಿ ಕಾಣದೆ ಮುಚ್ಚಿದಿರಿ.

8. ಮರುದಿನ ನಿಲ್ದಾಣದಿಂದ ಒಬ್ಬನೇ ಮನೆಗೆ ಹೊರಟ ಅರ್ಜಿದಾರನು ಅದೇ ಎಡಬಲದ ದೋಷದಿಂದ ವಿರೂಪಾಕ್ಷಪ್ಪನವರ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಮಂಚದ ಮೇಲೆ ಕುಳಿತು ಚಹಾ ಕೇಳಿದನು. ಅವರ ಮನೆಯವರು ಮರ್ಯಾದಸ್ಥರಾದ್ದರಿಂದ ಕೊಟ್ಟರು. ನಂತರ ಒಂದು ತಂತಿ ಕತ್ತರಿಸಿ ದೋಷ ಸರಿಪಡಿಸಲಾಗಿದೆ. ಈಗ ಅವನು ಎಲ್ಲೂ ಎಡವದೆ ಆರು ನಿಮಿಷಕ್ಕೆ ಮನೆ ಮುಟ್ಟುತ್ತಾನೆ.

9. ಇಷ್ಟಾದ ಮೇಲೆ ಅರ್ಜಿದಾರನು, "ಫಿಲಂ ಕತ್ತರಿಸಿದ್ದು ತಪ್ಪಾತಂತ ಬರೀರಿ, ಸಾಕು" ಎಂದನು. ನಾನು ಬರೆಯಲಿಲ್ಲ. "ಫಿಲಮಿನ ಮಾತು ಬಿಡಪಾ. ಆ ಎರಡು ಬಸ್ಸಿನ ಮಾತು ಹೇಳು. ಆಕಿ ಅಳೂದು ಕಂಡಾಗ ಯಾಕ ಹೋಗಲಿಲ್ಲ?" ಎಂದು ಕೇಳಿದೆ. ಅವನು ಬೇವಿನ ಮರದ ಕಡೆ ತಿರುಗಿ, "ನನ್ನ ಸಲುವಾಗಿ ಯಾರರ ಹಂಗ ಕಾಯ್ತಾರಂತ ಗೊತ್ತಿರಲಿಲ್ರಿ ಸಾಬ್ರ. ಕತ್ತಲಾಗ ನನಗ ಅದು ಕಂಡಿದ್ದಿಲ್ಲ. ನೋಡಿಕೋತ ನಿಂತುಬಿಟ್ಟೆ" ಎಂದನು. ಅವನ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ.

10. ಮೊದಲು ಇದೇ ದಾರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. "ಮೋರಿ ಬಂತು, ಕಾಲೆತ್ತಿ ಇಡ್ರಿ" ಎಂಬ ಸೂಚನೆಗಳ ನಡುವೆ ಕಚೇರಿಯಲ್ಲಿ ಯಾರ ರಜೆ ಚೀಟಿ ತಿರುಗಿ ಬಂತು, ಸಾಹೇಬರು ಯಾರಿಗೆ ಬೈದರು, ಊಟದ ಹೊತ್ತಿಗೆ ಯಾರು ಯಾರ ಪಲ್ಯ ತಿಂದರು ಎಂಬುದನ್ನೆಲ್ಲ ತಾವು ಹೇಳುತ್ತಿದ್ದಿರಿ. ತಮ್ಮಿಬ್ಬರ ಸಂಸಾರದ ಮಾತೆಲ್ಲ ಆ ಅರ್ಧ ಗಂಟೆಯಲ್ಲೇ ನಡೆಯುತ್ತಿತ್ತೆಂದು ಅರ್ಜಿದಾರನಿಗೆ ಈ ಹನ್ನೊಂದು ದಿನದಲ್ಲಿ ಮನವರಿಕೆಯಾಗಿದೆ. ಆರು ನಿಮಿಷದಲ್ಲಿ ಮನೆ ಬರುತ್ತದೆ, ಆದರೆ ಮನೆಗೆ ಬಂದಂತೆ ಆಗುವುದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಪರಿಗಣಿಸಿ, ಸುಸ್ಥಿತಿಯಲ್ಲಿರುವ ಸದರಿ ಕನ್ನಡಕವನ್ನು ತಾವು ವಶಕ್ಕೆ ತೆಗೆದುಕೊಂಡು ಎಂದಿಗೂ ಹಿಂತಿರುಗಿಸಬಾರದೆಂದೂ, ಮಾತು ಮತ್ತು ಕೈಗಳನ್ನು ಮೊದಲಿನಂತೆ ಮುಂದುವರಿಸಬೇಕೆಂದೂ ವಿನಂತಿ. ಮಾತು ತಡವಾದರೂ ಕೈಗೆ ತಡೆ ಇರಬಾರದು.

ತಮ್ಮ ವಿಶ್ವಾಸಿ,
(ಎರಡು ಬಸ್ಸುಗಳ ಹೊತ್ತು ಹೊರತುಪಡಿಸಿ)
ಅಮರಗುಂಡಪ್ಪ

ಬಿಕ್ಕಲಂ (ಬರೆದವನು): ಅಮೀನ್‌ಸಾಬ್

ಅಡಕಗಳು:
ಅ) ಇರುಳು ಕನ್ನಡಕ, ಬ್ಯಾಟರಿ ಸಮೇತ.
ಆ) ಕ್ಯಾಮೆರಾದಿಂದ ಬಿಡಿಸಿದ ನೆಗೆಟಿವ್ ಬಿಲ್ಲೆ ಎರಡು. ತಾಳಿಯ ಗಳಿಗೆ ಯಾವುದರಲ್ಲಿದೆಯೋ ತಿಳಿಯದ್ದರಿಂದ ಎರಡನ್ನೂ ಒರೆಸಿ ಇಡಲಾಗಿದೆ.
ಇ) ಅತ್ತೆಯವರ ಮೊಣಕಾಲು, ಉಳಿದ ಭಾಗ.

ವಿಶೇಷ ಸೂಚನೆ: ಅರ್ಜಿದಾರನು ಇಲ್ಲಿಂದ ನೇರ ಸಿಂಧನೂರಿನ ಅಂಗಡಿಗೆ ಹೋಗಿ, ಇಂದು ಏಳೂಕಾಲರ ಬಸ್ಸಿಗೆ ಮಸ್ಕಿಯಲ್ಲಿ ಇಳಿಯುತ್ತಾನೆ. ಕನ್ನಡಕ ಈ ಅರ್ಜಿಯೊಂದಿಗೆ ತಮ್ಮ ಮೇಜಿನ ಮೇಲಿರುವ ಕಾರಣ ಅವನಿಗೆ ಏನೂ ಕಾಣುವುದಿಲ್ಲ. ಹಿಂಬರಹವನ್ನು ಅಂಚೆಯಲ್ಲಿ ಕಳುಹಿಸದೆ ಖುದ್ದಾಗಿ ಬಂದು ತಿಳಿಸತಕ್ಕದ್ದು. ಅಲ್ಲಿಯವರೆಗೆ ಅರ್ಜಿದಾರನು ಇಳಿದ ಜಾಗದಲ್ಲೇ ನಿಂತಿರುತ್ತಾನೆ.