ಸೀಟ್ ಖಾಲಿ ಐತಿ, ಕುಂದರ್ರಿ

ನಮ್ಮ ಕಾಕಾ ಕೊಪ್ಪಳದಿಂದ ಹೈದರಾಬಾದಿನವರೆಗೆ ನಿಂತುಕೊಂಡೇ ಬಂದರು. ಅಯ್ಯೋ ಪಾಪ, ಸೀಟು ಸಿಗಲಿಲ್ಲವೇನೋ ಎಂದು ಮರುಗಬೇಡಿ! ಸೀಟು ಸಿಕ್ಕಿತ್ತು. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಎರಡು ಸೀಟು ಕಾಯ್ದಿರಿಸಿದವಳು ನಾನೇ. ಕಿಟಕಿ ಪಕ್ಕದ್ದು ಕಾಕಾನ ಹೆಂಡತಿ ಚಿಗವ್ವನಿಗೆ, ಅದರ ಬಾಜೂಕಿನದು ಕಾಕಾಗೆ. ಕಾಕಾನ ಸೀಟಿನಲ್ಲಿ ಚಿಗವ್ವ ಕಟ್ಟಿ ತಂದ ರೊಟ್ಟಿಯ ಗಂಟು ಹಾಯಾಗಿ ಕೂತು ಬಂತು. ಕಾಕಾ ಬಾಗಿಲ ಬಳಿಯ ಸರಳು ಹಿಡಿದು ನಿಂತು ಬಂದರು. ಬಸ್ಸಿನಿಂದ ಇಳಿದಾಗ ರೊಟ್ಟಿಗಳು ಒಂದೂ ಮುರಿಯದೆ ಗರಿಗರಿಯಾಗಿಯೇ ಇದ್ದವು, ಕಾಕಾನ ಪಾದಗಳು ಮಾತ್ರ ಪೂರಿಯ ಹಾಗೆ ಉಬ್ಬಿದ್ದವು.

"ಯಾಕ್ರೀ ಕಾಕಾ, ಕೂಡಬಾರದಿತ್ತಾ?" ಎಂದರೆ, "ಕೂತರ ಬಸ್ ನೋಡಾವರು ಯಾರವಾ?" ಎಂದು ನನ್ನನ್ನೇ ಕೇಳಿದರು.

ಬಸ್ಸು ನೋಡಲು ಅದರದೇ ಕಂಡಕ್ಟರ್ ಇದ್ದ. ಆದರೆ ಕಾಕಾ ನಂಬಬೇಕಲ್ಲ! ಅವರೂ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿದ್ದಾರೆ ಎಂದು ಸಾರಿಗೆಯವರು ತಿಳಿದಿದ್ದಾರೆ, ಅಷ್ಟೇ. ಕಾಕಾನ ಮಟ್ಟಿಗೆ ಜಗತ್ತೆಲ್ಲ ಒಂದು ಬಸ್ಸು. ಜನ ಬಾಗಿಲಲ್ಲೇ ಜೋತುಬಿದ್ದಿದ್ದಾರೆ, ಒಳಗೆ ಜಾಗ ಬೇಕಾದಷ್ಟಿದೆ, ಮುಂದೆ ಸರಿಯಿರಿ ಎಂದು ಯಾರಾದರೂ ಹೇಳದಿದ್ದರೆ ಜಗತ್ತು ಹೊರಡುವುದು ಹೇಗೆ? ಸ್ಟಾಪು ಬಂದ ಮೇಲೂ ಸೀಟು ಬಿಡದೆ ಕೂತವರನ್ನು ಕಂಡರಂತೂ ಅವರಿಗೆ ಕಳ್ಳರನ್ನು ಕಂಡಷ್ಟೇ ಸಿಟ್ಟು. ಗೊರಕೆ ಹೊಡೆಯುವವರನ್ನೂ ಅಲುಗಾಡಿಸಿ, "ನಿಮ್ಮ ಟಿಕೆಟ್ ಇಲ್ಲೀತನಕ, ಏಳ್ರಿ" ಎಂದು ಇಳಿಸಿದ ಮನುಷ್ಯ.

ಇಂಥವರು ಹೈದರಾಬಾದನ್ನು ನೋಡಿದ್ದು ಇದೇ ಮೊದಲು. ಸರ್ವೀಸು ಪೂರ್ತಿ ಹೈದರಾಬಾದ್ ಬಸ್ಸಿನ ಮೇಲೆಯೇ ಇದ್ದರು, ಆದರೆ ಅವರ ಡ್ಯೂಟಿ ರಾಯಚೂರಿಗೆ ಮುಗಿಯುತ್ತಿತ್ತು. ಅಲ್ಲಿ ಬೇರೆ ಕಂಡಕ್ಟರ್ ಹತ್ತುತ್ತಿದ್ದ, ಇವರು ಇಳಿಯುತ್ತಿದ್ದರು. ಲೋಕವನ್ನೆಲ್ಲ ಹೈದರಾಬಾದಿಗೆ ಕಳಿಸಿ ತಾವು ರಾಯಚೂರಿನ ಕ್ಯಾಂಟೀನಿನಲ್ಲಿ ಚಹಾ ಕುಡಿದು ತಿರುಗಿ ಬರುತ್ತಿದ್ದರು.

ಬಂದ ದಿನ ಸಂಜೆ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತ ನಾನು ಚಿಗವ್ವನಿಗೆ ಊರಿನ ವೈಭವಗಳನ್ನೆಲ್ಲ ವರ್ಣಿಸಿದೆ. ಚಾರ್ಮಿನಾರ್, ಗೋಲ್ಕೊಂಡ, ಹುಸೇನ್ ಸಾಗರ, ಕೋಠಿಯ ಸೀರೆ ಅಂಗಡಿಗಳು. ಚಿಗವ್ವ ಎಲ್ಲ ಕೇಳಿಸಿಕೊಂಡು, ಹೊರಗೆ ಕಾಕಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದಳು:

"ನನಗ ಅದ್ಯಾವುದೂ ಬ್ಯಾಡವಾ. ಒಂದ ಸಲ, ಒಂದ ಸಲ ಇವರು ಬಸ್ಸಿನ್ಯಾಗ ನನ್ನ ಬಾಜೂಕ ಕುಂದರಬೇಕು. ಇಬ್ಬರೂ ಕಿಟಕಿ ಹೊರಗ ನೋಡ್ಕೋತ ಹೋಗಬೇಕು. ಅಷ್ಟ."

"ಇಷ್ಟು ವರ್ಷದಾಗ ಒಮ್ಮೆನೂ ಕೂತಿಲ್ಲ?"

"ಯಾವಾಗ ಕೂತಾರ? ಮದುವಿ ಆಗಿ ಗಂಡನ ಮನಿಗೆ ಬರಾಕತ್ತಿದ್ದೆ. ಇವರ ರಜಾ ಮುಗದಿತ್ತು, ಇವರದ ಬಸ್. ನಾ ಹಣಿಗೆ ಹೂವಿನ ದಂಡಿ ಕಟಗೊಂಡು ಮುಂದಿನ ಸೀಟಿನ್ಯಾಗ ಕೂತೀನಿ, ಇವರು ಎಲ್ಲಾರಿಗೂ ಟಿಕೆಟ್ ಕೊಟಗೋತ ಬಂದು ನನ್ನ ಮುಂದ ನಿಂತು, 'ಎಲ್ಲಿಗ್ರಿ?' ಅಂದರು!"

"ಅಯ್ಯ! ನೀ ಏನಂದಿ?"

"ಏನಂತೀನಿ? 'ನಿಮ್ಮ ಮನಿಗೆ' ಅಂದೆ. ಟಿಕೆಟ್ ಹರದು ಕೈಯಾಗ ಇಟ್ಟರು. ನನ್ನ ಗಂಡ ನನಗ ಮೊದಲ ಕೊಟ್ಟದ್ದು ತಾಳಿ, ಎರಡನೇದ್ದು ಟಿಕೆಟ್!"

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಚಿಗವ್ವ ಬದನೆಕಾಯಿಯ ತೊಟ್ಟನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದಳು. ಈ ಪ್ರವಾಸದಲ್ಲಿ ಕಾಕಾರನ್ನು ಹೇಗಾದರೂ ಮಾಡಿ ಕೂರಿಸಿಯೇ ತೀರುತ್ತೇನೆ ಎಂದು ನಾನು ಮನಸ್ಸಿನಲ್ಲೇ ಶಪಥ ಮಾಡಿದೆ. ಶಪಥ ಮಾಡುವುದು ಎಷ್ಟು ಸುಲಭ!

ಮರುದಿನ ಬೆಳಿಗ್ಗೆ ಕಾಕಾ ಕಾಣಿಸಲಿಲ್ಲ. ಹುಡುಕಿದರೆ ಲಿಫ್ಟಿನಲ್ಲಿದ್ದರು. ಗುಂಡಿಗಳ ಪಕ್ಕ ನಿಂತು ಹತ್ತಿದವರನ್ನೆಲ್ಲ ಎಲ್ಲಿಗೆ ಎಂದು ಕೇಳಿ, ಒತ್ತಿ, ಒಳಗೆ ಸರಿಸಿ, ಇಳಿಸಿ, ಮತ್ತೆ ಮೇಲೆ ಕೆಳಗೆ ಓಡಾಡುತ್ತಿದ್ದರು. ಅರ್ಧ ದಿನದಲ್ಲಿ ಇಡೀ ಅಪಾರ್ಟ್‌ಮೆಂಟಿಗೆ ಅವರು ಬೇಕಾದವರಾದರು. ಸಂಜೆ ಸಂಘದ ಕಾರ್ಯದರ್ಶಿ ನಮ್ಮ ಬಾಗಿಲು ತಟ್ಟಿ, "ಹೊಸ ಲಿಫ್ಟ್‌ಮ್ಯಾನ್ ಭಾಳ ಚೊಲೋ ಅದಾನಂತ. ಯಾರು ನೇಮಿಸಿದ್ದು? ನನಗ ತಿಳಿಸ್ಲೇ ಇಲ್ಲ" ಎಂದರು. ಅವರು ಬೀದರಿನವರು, ಕನ್ನಡದಲ್ಲೇ ಬೈಯಬಲ್ಲವರು. ಒಳಗಿನಿಂದ ಕಾಕಾನ ದನಿ ಬಂತು: "ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಬರ್ರಿ!"

ಚಾರ್ಮಿನಾರಿಗೆ ಹೋದೆವು. ಮೇಲೆ ಹತ್ತುವ ಮೆಟ್ಟಿಲುಗಳು ಎಷ್ಟು ಇಕ್ಕಟ್ಟು ಎಂಬುದು ಹತ್ತಿದವರಿಗೆ ಗೊತ್ತು. ಅವತ್ತು ಹತ್ತುವವರು ಇಳಿಯುವವರು ನಡುದಾರಿಯಲ್ಲಿ ಎದುರಾಗಿ ಯಾರೂ ಹಿಂದೆ ಸರಿಯಲೊಲ್ಲರು. ಮುಗಿಯಿತಲ್ಲ! ಕಾಕಾನ ಕಣ್ಣುಗಳು ಹೊಳೆದವು. "ಪಹಲೇ ಉತರ್‌ನೇವಾಲೇ! ಉತರ್‌ನೇವಾಲೇ ಪಹಲೇ!" ಎಂದು ಕೂಗುತ್ತ, ಇಳಿಯುವವರಿಗೆ ಮೊದಲು ದಾರಿ ಬಿಡಿಸುತ್ತ ಕೆಳಗೆ ನಿಂತುಬಿಟ್ಟರು. ನಾನೂ ಚಿಗವ್ವನೂ ಮೇಲೆ ಹೋಗಿ, ಊರನ್ನೆಲ್ಲ ನೋಡಿ, ಫೋಟೋ ತೆಗೆಸಿಕೊಂಡು ಇಳಿದು ಬಂದರೂ ಅವರ ಡ್ಯೂಟಿ ಮುಗಿದಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಗಂಡ, "ಹ್ಯಾಂಗಿತ್ರಿ ಮಾವಾರ, ಚಾರ್ಮಿನಾರ್?" ಎಂದು ಕೇಳಿದರು. ಕಾಕಾ ಬಹಳ ಯೋಚಿಸಿ, "ಕಟ್ಟಿದಾವರು ಶಾಣ್ಯಾರ ಇದ್ದರು. ಆದರ ಹಿಂದ ಒಂದು ಬಾಗಲ ಬಿಡಬೇಕಿತ್ತು" ಎಂದರು.

ಮೆಟ್ರೋದಲ್ಲಿ ಹೊಸ ಫಜೀತಿ. ಬಾಗಿಲು ತನಗೆ ತಾನೇ ಮುಚ್ಚಿಕೊಂಡು ರೈಲು ಹೊರಟದ್ದೇ ತಡ, ಕಾಕಾ ಗಾಬರಿಯಾಗಿ ನನ್ನ ತೋಳು ಹಿಡಿದರು. "ರೈಟ್ ಅಂದಾವರು ಯಾರವಾ?"

"ಯಾರೂ ಅನ್ನೂದಿಲ್ಲ ಕಾಕಾ. ಅದ ಹೋಗತೈತಿ."

"ಯಾರೂ ರೈಟ್ ಅನ್ನದ ಹ್ಯಾಂಗ ಹೋಗತೈತಿ?"

ಈ ಪ್ರಶ್ನೆಗೆ ಯಾವ ಇಂಜಿನಿಯರು ಉತ್ತರ ಕೊಟ್ಟಾನು! ಒಬ್ಬ ಹುಡುಗಿ ಎದ್ದು ಚಿಗವ್ವನ ಪಕ್ಕದ ಸೀಟನ್ನೇ ಅವರಿಗೆ ಬಿಟ್ಟಳು. ಚಿಗವ್ವ ಸೆರಗು ಸರಿಮಾಡಿಕೊಂಡು ಒತ್ತಿಗೆ ಸರಿದಳು. ಕಾಕಾ ಸುತ್ತಲೂ ನೋಡಿ, ದೂರದಲ್ಲಿ ನಿಂತಿದ್ದ ದಪ್ಪ ಮನುಷ್ಯನೊಬ್ಬನನ್ನು ಕರೆದು, "ಆಯಿಯೇ, ಬೈಠಿಯೇ" ಎಂದು ಕೂರಿಸಿದರು! ಆ ಪುಣ್ಯಾತ್ಮ ಸೀಟು ತುಂಬಿ ಹೊರಚೆಲ್ಲುವಂತೆ ಕೂತ. ಚಿಗವ್ವ ಸೀಟಿನ ಮೂಲೆಗೆ ಅಂಟಿಕೊಂಡು ಉಳಿದ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಹುಸೇನ್ ಸಾಗರದ ದೋಣಿಯಲ್ಲಿ ಬಾಗಿಲೇ ಇರುವುದಿಲ್ಲ, ಅಲ್ಲಾದರೂ ಕೂತಾರು ಎಂದುಕೊಂಡೆ. ಬಾಗಿಲಿಲ್ಲದಿದ್ದರೇನಂತೆ, ದೋಣಿಯ ಮೂತಿ ಇತ್ತಲ್ಲ! ಅಲ್ಲಿ ಹೋಗಿ ನಿಂತರು. ದೋಣಿ ವಾಲಿತು. "ಚಾಚಾ, ಬೈಠೋ! ಸಬ್‌ಕೋ ಡುಬಾತೇ ಕ್ಯಾ?" ಎಂದು, ಎಲ್ಲರನ್ನೂ ಮುಳುಗಿಸಲು ಹೊರಟವರನ್ನು ಕಂಡ ಹಾಗೆ ದೋಣಿಯವನು ಗದರಿದ. ಕಾಕಾ ಕುಕ್ಕರಗಾಲಿನಲ್ಲಿ ಕೂತರು. ಅದನ್ನು ಕೂತದ್ದು ಎನ್ನಲಾದೀತೇ? ಅವರ ಮಂಡಿಗಳಷ್ಟೇ ಮಡಚಿದ್ದವು, ಮನುಷ್ಯ ನಿಂತೇ ಇದ್ದರು. ಇರಾನಿ ಹೋಟೆಲಿನಲ್ಲೂ ಅಷ್ಟೇ, ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತು ಚಹಾ ಕುಡಿದು, "ಆತೇನು? ನಡೀರಿ, ನಡೀರಿ, ಮಂದಿ ಕಾಯಾಕತ್ತಾರ" ಎಂದು ನಮ್ಮ ಬಾಯೊಳಗಿನ ಬಿಸ್ಕತ್ತಿಗೇ ಸೀಟಿ ಊದಿದರು. ಆ ಚಡಪಡಿಕೆ ನನಗೂ ಅಂಟಿತು. ಮನೆಯಲ್ಲಿ ಪಲ್ಯ ಕಲಕುವಾಗಲೂ ಯಾರೋ ಹಿಂದೆ ನಿಂತು ಮುಂದೆ ಸರಿ ಎನ್ನುತ್ತಿದ್ದಾರೆ ಎನಿಸುತ್ತಿತ್ತು.

ಹೀಗೆ ದಿನಗಳು ಕಳೆದವು. ಕೊನೆಯ ದಿನ ಉಳಿಯಿತು. ಮರುದಿನ ಬೆಳಿಗ್ಗೆ ಅವರು ಊರಿಗೆ ಹೊರಡುವುದು ರೈಲಿನಲ್ಲಿ, ರೈಲ್ವೆಯಲ್ಲಿರುವ ನನ್ನ ಗಂಡನೇ ಟಿಕೆಟ್ ಮಾಡಿಸಿದ್ದರು. ಅಂದರೆ ಕೋಠಿಯಲ್ಲಿ ಸೀರೆ ಕೊಂಡು ಮಲ್ಕಾಜ್‌ಗಿರಿಗೆ ಮರಳುವ ಸಿಟಿ ಬಸ್ಸೇ ಚಿಗವ್ವನ ಪಾಲಿನ ಕೊನೆಯ ಬಸ್ಸು.

ಈ ಊರಿನ ಸಿಟಿ ಬಸ್ಸಿನಲ್ಲಿ ಮುಂದಿನ ಭಾಗ ಹೆಣ್ಣುಮಕ್ಕಳದು. ನಾನೂ ಚಿಗವ್ವನೂ ಅಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಾಕಾ ಹಿಂದಿನ ಬಾಗಿಲಲ್ಲಿ ಹತ್ತಿ, ಸಹಜವಾಗಿಯೇ, ಅಲ್ಲೇ ನಿಂತರು. ಕಂಡಕ್ಟರ್ ಒಬ್ಬ ಹೆಣ್ಣುಮಗಳು. ಜನರ ನಡುವೆ ಈಜಿಕೊಂಡು ನಮ್ಮ ಹತ್ತಿರ ಬಂದಳು. ಇಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಗುರುತಿನ ಕಾರ್ಡು ತೋರಿಸಿದರೆ ಸಾಕು. ನಾನು ನನ್ನದನ್ನು ತೋರಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಠೀವಿಯಿಂದ ಪರ್ಸು ಬಿಚ್ಚಿ ತನ್ನ ಆಧಾರ್ ಕಾರ್ಡನ್ನು ಹಿಡಿದಳು. ಊರಲ್ಲಿ ಹಾಗೇ ತೋರಿಸಿ ಪುಕ್ಕಟೆ ಓಡಾಡಿ ರೂಢಿ!

ಕಂಡಕ್ಟರ್ ಕಾರ್ಡು ನೋಡಿ ನಕ್ಕಳು. "ಇದಿ ಕರ್ಣಾಟಕ ಕಾರ್ಡು. ಇಕ್ಕಡ ನಡ್ವದಮ್ಮಾ."

ಚಿಗವ್ವನಿಗೆ ಅವಮಾನವಾಯಿತು. "ಯಾಕ ನಡಿಯಂಗಿಲ್ಲ? ನಾನೂ ಹೆಣ್ಣಮಗಳ ಅಲ್ಲನ?" ಎಂದು ಕನ್ನಡದಲ್ಲೇ ವಾದಕ್ಕಿಳಿದಳು. ಸುತ್ತಲಿನ ಹೆಂಗಸರೂ ಅವಳ ಪರ ವಹಿಸಿದರು. ಅಷ್ಟರಲ್ಲಿ ಬಸ್ಸಿನ ಹಿಂಭಾಗದಿಂದ ಸಿಡಿಲಿನಂಥ ದನಿಯೊಂದು ಬಂತು.

"ಟಿಕೆಟ್ ತಗಿಸ್ರಿ ಮೇಡಂ ಆಕಿಗೆ! ಬ್ಯಾರೆ ರಾಜ್ಯದ ಕಾರ್ಡ್ ನಡಿಯಂಗಿಲ್ಲಂದ್ರ ನಡಿಯಂಗಿಲ್ಲ! ಬಿಡಬ್ಯಾಡ್ರಿ!"

ಯಾರ ದನಿ ಎಂದು ಹೇಳಬೇಕೇ?

ನಾನು ನಕ್ಕುಬಿಟ್ಟೆ. ಆದರೆ ಚಿಗವ್ವ ನಗಲಿಲ್ಲ. ಟಿಕೆಟಿನ ದುಡ್ಡು ಕೊಟ್ಟಳು. ಕಿಟಕಿಯ ಕಡೆ ತಿರುಗಿ, "ಅವತ್ತೂ ಹಿಂಗ. ಇವತ್ತೂ ಹಿಂಗ" ಎಂದಷ್ಟೇ ಅಂದಳು. ಸೆರಗಿನ ತುದಿ ಕಣ್ಣಿಗೆ ಹೋದದ್ದನ್ನು ನಾನು ನೋಡಿದೆ.

ಕಂಡಕ್ಟರೂ ನೋಡಿದಳು. ಯಾರು ಆ ದೊಡ್ಡ ಮನುಷ್ಯ ಎಂದು ನನ್ನನ್ನು ತೆಲುಗಿನಲ್ಲಿ ಕೇಳಿದಳು. ಇವಳ ಗಂಡ, ಕಂಡಕ್ಟರ್ ಆಗಿದ್ದವರು, ಒಂದು ದಿನವೂ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತವರಲ್ಲ ಎಂದೆ. ತಾರ್ನಾಕಾದಲ್ಲಿ ಜನ ಇಳಿದು ಬಸ್ಸು ಹಗುರವಾಯಿತು. ಅವಳು ಸೀಟಿ ಊದಿ, ನೇರ ಹಿಂದೆ ಹೋಗಿ ಕಾಕಾನ ಎದುರು ನಿಂತಳು.

"ಪೆದ್ದಾಯನಾ, ಮುಂದುಕು ಪದಂಡಿ."

ಕಾಕಾ ತಬ್ಬಿಬ್ಬಾದರು. ಆಯುಷ್ಯವಿಡೀ ತಾವು ಹೇಳಿದ ಮಾತು, ತಮಗೇ! ಮುಂದೆ ಸರಿದರು. ಅವಳು ಅಟ್ಟಿಕೊಂಡು ಬಂದು ನಮ್ಮ ಸೀಟಿನ ಬಳಿ ನಿಲ್ಲಿಸಿದಳು. ನಾನು ತಟ್ಟನೆ ಎದ್ದೆ.

"ಕೂಸೋಂಡಿ."

"ಇದು ಹೆಣ್ಣಮಕ್ಕಳ ಸೀಟ್ರಿ ಮೇಡಂ. ನಾ ಕುಂದರಂಗಿಲ್ಲ. ಇಂಥಾದರಾಗ ಕೂತ ಗಂಡಸರನ್ನ ನಾನ ಎಷ್ಟ ಮಂದೀನ ಎಬಿಸೀನಿ."

"ಈ ಬಸ್‌ಲ ಡ್ಯೂಟಿ ನಾದಿ," ಎಂದಳು ಅವಳು. "ನೇನು ಚೆಪ್ತುನ್ನ. ಕೂಸೋಂಡಿ."

ಡ್ಯೂಟಿ ಅವಳದು, ಹೇಳಿದವಳೂ ಅವಳೇ. ಬಸ್ಸಿನಲ್ಲಿ ಕಂಡಕ್ಟರ್ ಹೇಳಿದ್ದೇ ಕಾನೂನು, ಅದನ್ನು ಕಾಕಾಗಿಂತ ಚೆನ್ನಾಗಿ ಬಲ್ಲವರಾರು? ಕಾಕಾ ಕೂತರು. ಸೀಟಿನ ಅಂಚಿನಲ್ಲಿ, ಪರೀಕ್ಷೆಗೆ ಕೂತವರ ಹಾಗೆ. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮಂಡಿಯ ಮೇಲಿಟ್ಟರು, ತೆಗೆದರು, ಇಲ್ಲದ ಚರ್ಮದ ಚೀಲವನ್ನು ಕಂಕುಳಲ್ಲಿ ತಡವಿದರು. ಚಿಗವ್ವ ಅವರ ಕಡೆ ತಿರುಗದೆಯೇ ಸೀರೆಯ ಚೀಲವನ್ನು ಅವರ ತೊಡೆಯ ಮೇಲಿಟ್ಟಳು. ಕಾಕಾ ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

ಬಸ್ಸು ಸ್ವಲ್ಪ ದೂರ ಹೋಯಿತು. ಆಮೇಲೆ ಚಿಗವ್ವ ಹೊರಗೆ ಬೆರಳು ಮಾಡಿ, "ಅದೇನ್ರಿ, ಅಷ್ಟು ಎತ್ತರದ್ದು?" ಎಂದಳು.

ಕಾಕಾ ಬಗ್ಗಿ ನೋಡಿದರು. "ಗೊತ್ತಿಲ್ಲ."

"ಅದೇನು, ಎಲ್ಲಾ ಗೊತ್ತಿದ್ದಾವರಿಗೆ?"

"ಬಸ್ಸಿನ ಒಳಗಿಂದ ಎಲ್ಲಾ ಗೊತ್ತೈತಿ," ಎಂದರು ಕಾಕಾ, ಬಹಳ ಮೆಲ್ಲಗೆ. "ಹೊರಗ ನಾ ಯಾವತ್ತು ನೋಡೀನಿ?"

ಅವರು ಕೊಂಚ ಹಿಂದೆ ಸರಿದು ಸೀಟಿಗೆ ಬೆನ್ನು ಆನಿಸಿದರು. ನಾನು ಸರಳು ಹಿಡಿದು ನಿಂತವಳು ಬೇರೆ ಕಡೆ ಮುಖ ಮಾಡಿಕೊಂಡೆ. ಸುಳ್ಳೇಕೆ, ನನಗೆ ಅಳು ಬಂದಿತ್ತು.

ಮಲ್ಕಾಜ್‌ಗಿರಿ ಬಂತು. ಅಭ್ಯಾಸಬಲ ನೋಡಿ, ಈ ಸಲ ಅವಸರಿಸಿದವಳು ನಾನು. "ಕಾಕಾ, ಸ್ಟಾಪ್ ಬಂತು, ಏಳ್ರಿ, ಲಗೂನ ಇಳೀರಿ!"

ಕಾಕಾ ಏಳಲಿಲ್ಲ. ನನ್ನನ್ನು ನೋಡಿದರು, ಚಿಗವ್ವನನ್ನು ನೋಡಿದರು. ಆಮೇಲೆ ಪುಟ್ಟ ಮಕ್ಕಳು ಶಾಲೆಯಲ್ಲಿ ಎತ್ತುವ ಹಾಗೆ ಕೈಯೆತ್ತಿ ಕಂಡಕ್ಟರನ್ನು ಕರೆದರು.

"ಮೇಡಂ, ಈ ಬಸ್ ಎಲ್ಲೀತನಕ ಹೋಗತೈತಿ? ಅಲ್ಲೀತನಕ ಎರಡು ಟಿಕೆಟ್ ಕೊಡ್ರಿ."

ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತು.

ನಾನೊಬ್ಬಳೇ ಇಳಿದೆ. ಬಸ್ಸು ಹೊರಡಲಿಲ್ಲ, ಕಂಡಕ್ಟರ್ ಅವರಿಬ್ಬರಿಗೆ ಟಿಕೆಟ್ ಕೊಡುತ್ತಿದ್ದಳು. ನಾನೇ ಬಸ್ಸಿನ ಮೈಯನ್ನು ಎರಡು ಸಲ ಬಡಿದು "ರೈಟ್!" ಎಂದು ಕೂಗಿದೆ. ಕಾಕಾ ಇತ್ತ ತಿರುಗಲೂ ಇಲ್ಲ. ಅವರು ಚಿಗವ್ವ ತೋರಿಸುತ್ತಿದ್ದ ಕಡೆಗೆ ನೋಡುತ್ತಿದ್ದರು.